ಹಳೆಯ ಪೆನ್ನುಗಳ ಮೇಳಕ್ಕೆ ನಾಲ್ವರು ಹೊರಟಾಗ

ಪ್ರಶ್ನೆ: ನಾವು ನಾಲ್ವರು ಗೆಳೆಯರು, ಫೌಂಟನ್ ಪೆನ್ನಿನ ಹುಚ್ಚು ಹತ್ತಿಸಿಕೊಂಡವರು. ಇದುವರೆಗೆ ಫೋಟೊ ನೋಡಿ ಅಂಚೆಯಲ್ಲಿ ತರಿಸಿಕೊಂಡೇ ಹಳೆಯ ಪೆನ್ನುಗಳನ್ನು ಕೂಡಿಹಾಕಿದ್ದೇವೆ. ಈಗ ಮೊದಲ ಸಲ ವಿಂಟೇಜ್ ಪೆನ್ನುಗಳ ಮೇಳಕ್ಕೆ ಒಟ್ಟಿಗೆ ಹೊರಟಿದ್ದೇವೆ. ಮೇಜಿನ ಮುಂದೆ ನಿಂತಾಗ ಏನೇನು ನೋಡಬೇಕು, ಹೇಗೆ ನಡೆದುಕೊಳ್ಳಬೇಕು? ಇಬ್ಬರ ಕಣ್ಣು ಒಂದೇ ಪೆನ್ನಿನ ಮೇಲೆ ಬಿದ್ದರೆ ಏನು ಮಾಡುವುದು? ನನ್ನ ಹತ್ತಿರ ತಾತನ ಪಾರ್ಕರ್ 51 ಒಂದಿದೆ, ಶಾಯಿ ಎಳೆಯುತ್ತಿಲ್ಲ. ಅದನ್ನೂ ಒಯ್ಯಲೇ?

ಉತ್ತರ: ನಾಲ್ವರು ಹೊರಟಿದ್ದೀರಿ ಎಂದು ಓದಿ ಖುಷಿಯಾಯಿತು. ಪೆನ್ನಿನ ಮೇಳಕ್ಕೆ ಒಬ್ಬರೇ ಹೋಗಬಾರದು ಎಂಬುದು ನನ್ನ ಹಳೆಯ ವಾದ. ಮೇಳದಿಂದ ಮೇಳಕ್ಕೆ ಸುತ್ತುವ ವ್ಯಾಪಾರಿಗೆ ತನ್ನ ಹೆಸರು ಮುಖ್ಯ. ಬೇಕೆಂದೇ ಟೋಪಿ ಹಾಕುವವರು ಕಡಿಮೆ. ನಮಗೆ ನಾವೇ ಹಾಕಿಕೊಳ್ಳುವ ಟೋಪಿಯದೇ ತಾಪತ್ರಯ. ಬಹಳ ದಿನದಿಂದ ಹುಡುಕುತ್ತಿದ್ದ ಬಣ್ಣ ಕಣ್ಣೆದುರು ಬಂತೆಂದರೆ ಬಿರುಕು ಕಾಣುವುದಿಲ್ಲ, ಸವೆದ ನಿಬ್ಬು ಕಾಣುವುದಿಲ್ಲ. ಆಗ ಪಕ್ಕದಲ್ಲಿ ನಿಂತು, "ಸ್ವಲ್ಪ ಇರಪ್ಪ, ಆ ಮುಚ್ಚಳ ಕೊಡು ಇಲ್ಲಿ" ಎನ್ನುವವರೊಬ್ಬರು ಬೇಕು. ಗೆಳೆಯರನ್ನು ಕಟ್ಟಿಕೊಂಡು ಹೋಗುವುದೇ ಅದಕ್ಕೆ. ಆದರೆ ನಾನು ಕಂಡಂತೆ ಹೆಚ್ಚಿನ ಗೆಳೆಯರು ಮಾಡುವುದು ತದ್ವಿರುದ್ಧ: "ಆಹಾ, ತಗೋ ತಗೋ, ಇಂಥದ್ದು ಮತ್ತೆ ಸಿಗಲ್ಲ!" ತಮ್ಮ ಜೇಬಿಗೆ ಕತ್ತರಿ ಬೀಳದಿದ್ದರೆ ಎಲ್ಲರೂ ಧಾರಾಳಿಗಳೇ.

ಆದ್ದರಿಂದ ಬಾಗಿಲಲ್ಲೇ ಒಂದು ಒಪ್ಪಂದ ಮಾಡಿಕೊಳ್ಳಿ. ಇಬ್ಬಿಬ್ಬರ ಜೋಡಿಯಾಗಿ. ನಾಲ್ವರೂ ಒಂದೇ ಮೇಜಿಗೆ ಮುತ್ತಿದರೆ ಹಿಂದಿದ್ದವರಿಗೆ ಏನೂ ಕಾಣುವುದಿಲ್ಲ, ಮಾರುವವರಿಗೂ ತಮ್ಮ ಪೆನ್ನುಗಳ ಮೇಲೆ ನಿಗಾ ಇಡುವುದು ಕಷ್ಟ. ಜೋಡಿಯಲ್ಲಿ ಒಬ್ಬರು ಕೊಳ್ಳಲು ಹೊರಟರೆ ಇನ್ನೊಬ್ಬರು ಆ ಪೆನ್ನನ್ನು ಕೈಗೆ ತೆಗೆದುಕೊಂಡು ಒಂದಾದರೂ ದೋಷ ಹುಡುಕಿ ಹೇಳಬೇಕು. ಎಂಬತ್ತು ವರ್ಷದ ಪೆನ್ನಿನಲ್ಲಿ ದೋಷವಿಲ್ಲದೆ ಇರುವುದಿಲ್ಲ. ಹುಡುಕಿದ ದೋಷವನ್ನು ಕೇಳಿಯೂ ಬೇಕೆನಿಸಿದರೆ ಧೈರ್ಯವಾಗಿ ಕೊಳ್ಳಿ.

ಮೊದಲ ಸುತ್ತು ಬರೀ ನೋಡುವುದಕ್ಕೆ. ಯಾವ ಮೇಜಿನಲ್ಲಿ ಏನಿದೆ ಎಂದು ಚೀಟಿಯಲ್ಲಿ ಬರೆದುಕೊಂಡು ಮುಂದೆ ಹೋಗಿ. ಒಂದೇ ಮಾದರಿ ಐದಾರು ಮೇಜಿನಲ್ಲಿ ಇರುತ್ತದೆ. ಐದನ್ನೂ ನೋಡಿದ ಮೇಲೆ ಮೊದಲನೆಯದು ಎಷ್ಟು ಮಾಸಿತ್ತು ಎಂದು ಗೊತ್ತಾಗುತ್ತದೆ. ಇದಕ್ಕೊಂದು ಅಪವಾದವಿದೆ. ಮನೆಯಿಂದಲೇ ಮೂರು ಪೆನ್ನುಗಳ ಪಟ್ಟಿ ಮಾಡಿಕೊಂಡು ಬನ್ನಿ. ಆ ಮೂರರಲ್ಲಿ ಒಂದು, ಒಳ್ಳೆಯ ಸ್ಥಿತಿಯಲ್ಲಿ, ನಿಮ್ಮ ಲೆಕ್ಕಕ್ಕೆ ಹೊಂದುವ ಬೆಲೆಗೆ ಬೆಳಗ್ಗೆಯೇ ಸಿಕ್ಕರೆ ಎರಡನೆಯ ಸುತ್ತಿಗೆ ಕಾಯಬೇಡಿ. ಒಳ್ಳೆಯ ಮಾಲು ಮೊದಲ ಒಂದೆರಡು ಗಂಟೆಯಲ್ಲಿ ಕೈ ಬದಲಾಗುತ್ತದೆ. ಬಾಗಿಲು ತೆರೆಯುವ ಮುಂಚೆಯೇ ವ್ಯಾಪಾರಿಗಳು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಂಡಿರುತ್ತಾರೆ, ಅದು ಬೇರೆ ಮಾತು.

ಚೀಲದಲ್ಲಿ ಇಷ್ಟು ಇರಲಿ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಚಿಕ್ಕ ಟಾರ್ಚು, ಮೆತ್ತನೆಯ ಹತ್ತಿ ಬಟ್ಟೆ, ನೀವು ದಿನಾ ಬರೆಯುವ ನೋಟ್‌ಬುಕ್ಕಿನದೇ ಹಾಳೆಗಳು, ಸುಲಭವಾಗಿ ತೊಳೆದುಹೋಗುವ ನೀಲಿ ಶಾಯಿಯ ಸಣ್ಣ ಬಾಟಲಿ, ಸ್ವಲ್ಪ ನೀರು. ಮಿನುಗುವ ಶಾಯಿ, ನೀರಿಗೆ ಬಿಡದ ಶಾಯಿ ಮನೆಯಲ್ಲೇ ಇರಲಿ. ಬೇರೆಯವರ ಹಳೆಯ ಪೆನ್ನನ್ನು ಅದರಲ್ಲಿ ಅದ್ದುವುದು ಅಪರಾಧಕ್ಕೆ ಸಮ. ನಿಮ್ಮದೇ ಪೆನ್ನು ಜೊತೆಗಿದ್ದರೆ ಬೇರೆ ಡಬ್ಬಿಯಲ್ಲಿಡಿ, ಮೇಜಿನ ಮುಂದೆ ಅದನ್ನು ತೆಗೆಯುವ ಮೊದಲು "ಇದು ನನ್ನದು, ಹೋಲಿಸಿ ನೋಡೋಕೆ ತಂದಿದ್ದು" ಎಂದು ಹೇಳಿ. ಹೇಳದೆ ಜೇಬಿಗೆ ವಾಪಸ್ ಹಾಕಿಕೊಂಡರೆ ಎದುರಿನವರ ಮುಖ ನೋಡುವ ಹಾಗಿರುವುದಿಲ್ಲ.

ಪೆನ್ನು ಎತ್ತುವ ಮೊದಲು ಕೇಳಿ. ಎತ್ತಿದ ಮೇಲೆ ಮೇಜಿನ ಮೇಲೆಯೇ, ಹಾಸಿದ ಬಟ್ಟೆಯಿಂದ ನಾಲ್ಕು ಬೆರಳಿನೆತ್ತರದಲ್ಲಿ ಹಿಡಿದು ನೋಡಿ. ಮುಚ್ಚಳ ತಿರುಪಿನದೋ ಎಳೆಯುವುದೋ ಗೊತ್ತಿಲ್ಲದಿದ್ದರೆ ಮಾರುವವರೇ ತೆಗೆದುಕೊಡಲಿ, ನಾಚಿಕೆ ಬೇಡ. ಬೇರೆಯವರ ಕೈಯಲ್ಲಿರುವ ಪೆನ್ನು ಅವರು ಕೆಳಗಿಡುವವರೆಗೆ ಅವರದೇ. ಕತ್ತು ಚಾಚುವುದು, ಬೆಲೆ ಕೇಳುವುದು ಮಾಡಬಾರದು.

ಇನ್ನು ಮುಖ್ಯ ವಿಷಯ, ಏನು ನೋಡಬೇಕು. ಸಾಮಾನ್ಯವಾಗಿ ಹೇಳುವುದಕ್ಕಿಂತ ಒಂದೇ ಪೆನ್ನನ್ನು ಕೈಗೆತ್ತಿಕೊಂಡು ಹೇಳುತ್ತೇನೆ. ಹಸಿರು ಜೇಡ್ ಬಣ್ಣದ ಶೇಫರ್ ಕಂಪನಿಯ ಪೆನ್ನು ಎಂದುಕೊಳ್ಳಿ, ಪಕ್ಕದಲ್ಲಿ ಲಿವರ್ ಇರುವುದು, ಅಂದರೆ ಎತ್ತಿದಾಗ ಒಳಗಿನ ರಬ್ಬರ್ ಚೀಲವನ್ನು ಅದುಮಿ, ಬಿಟ್ಟಾಗ ಶಾಯಿ ಎಳೆಯುವಂತೆ ಮಾಡುವ ಸಣ್ಣ ಸನ್ನೆ. ವಾಲ್ಟರ್ ಶೇಫರ್ ಲಿವರ್ ತುಂಬುವಿಕೆಗೆ ಪೇಟೆಂಟ್ ಪಡೆದದ್ದು 1908ರಲ್ಲಿ. ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನಲ್ಲಿ ಈ ಹಸಿರು ಬಂದದ್ದು 1924ರ ಹೊತ್ತಿಗೆ. ಅಲ್ಲಿಯವರೆಗೆ ಹೆಚ್ಚುಕಡಿಮೆ ಎಲ್ಲ ಪೆನ್ನೂ ಎಬೊನೈಟಿನ, ಅಂದರೆ ಗಟ್ಟಿ ರಬ್ಬರಿನ, ಕಪ್ಪೋ ಕೆಂಪೋ ಆಗಿದ್ದಾಗ ಈ ಹಸಿರು ಜನರನ್ನು ಮರುಳು ಮಾಡಿತ್ತು. ಈಗಲೂ ಮಾಡುತ್ತದೆ, ಅದಕ್ಕೇ ಹುಷಾರು.

ಮೊದಲು ಮುಚ್ಚಳ ತೆಗೆದು ಮುಚ್ಚಳ ಮತ್ತು ಮೈ ಎರಡನ್ನೂ ಅಕ್ಕಪಕ್ಕ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ಮುಚ್ಚಳ ಎಳೆ ಹಸಿರಾಗಿದ್ದು, ಮೈ ಹಳೆಯ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದ್ದರೆ ಬೆರಗಾಗಬೇಡಿ. ಒಳಗಿನ ರಬ್ಬರ್ ಚೀಲದಿಂದ ವರ್ಷಗಟ್ಟಲೆ ಹೊರಬರುವ ಗಂಧಕದ ಆವಿ ಮೈಯ ಸೆಲ್ಯುಲಾಯ್ಡನ್ನು ಕಂದಿಸುತ್ತದೆ. ಮುಚ್ಚಳದೊಳಗೆ ಚೀಲವಿಲ್ಲ, ಹಾಗಾಗಿ ಅದು ಉಳಿಯುತ್ತದೆ. ಈ ಕಂದು ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಯಾರಾದರೂ "ಪಾಲಿಶ್ ಮಾಡಿದರೆ ಸರಿಹೋಗುತ್ತದೆ" ಎಂದರೆ ನಕ್ಕು ಮುಂದೆ ಹೋಗಿ. ಎರಡೂ ಎಳೆ ಹಸಿರಾಗಿದ್ದರೆ ಅದು ನಿಜಕ್ಕೂ ಅಪರೂಪ, ಬೆಲೆಯೂ ಹಾಗೇ ಇರುತ್ತದೆ. ಮೈ ಹಸಿರು, ಮುಚ್ಚಳ ಕಂದು ಎಂದು ಉಲ್ಟಾ ಇದ್ದರೆ ಎರಡು ಪೆನ್ನು ಸೇರಿ ಒಂದಾಗಿದೆಯೇ ಎಂದು ಅನುಮಾನಿಸಿ. ಇಂಥ ಜೋಡಣೆಗೆ ಸಂಗ್ರಹಕಾರರು ಫ್ರಾಂಕನ್‌ಪೆನ್ ಎನ್ನುತ್ತಾರೆ. ಬರೆಯುವುದಕ್ಕಾದರೆ ತೊಂದರೆಯಿಲ್ಲ, ಮೂಲ ಪೆನ್ನಿನ ಬೆಲೆ ಕೊಡಬೇಡಿ ಅಷ್ಟೇ. ನನ್ನ ಗೆಳೆಯರೊಬ್ಬರ ಕಣ್ಣು ಬಹಳ ಚುರುಕು. ನಾನು ಎರಡು ಸಲ ನೋಡಿ ಒಪ್ಪಿದ ಕಪ್ಪು ಪೆನ್ನನ್ನು ಕಿಟಕಿಯ ಹತ್ತಿರ ಒಯ್ದು, "ಮುಚ್ಚಳದ ಮೇಲೆ ಕೆತ್ತಿದ ಗೀರುಗಳು ಹತ್ತಿರ ಹತ್ತಿರ ಇವೆ, ಮೈಯವು ದೂರ ದೂರ" ಎಂದರು. ನಾನು ಬಣ್ಣ ನೋಡಿದ್ದೆ, ಕೆತ್ತನೆ ನೋಡಿರಲಿಲ್ಲ.

ಮುಂದೆ ಮುಚ್ಚಳದ ತುಟಿ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ತಿರುಗಿಸಿ ಮೊದಲು ಸೀಳುವುದು ಇಲ್ಲೇ. ಉಗುರಿನ ತುದಿಯನ್ನು ಅಂಚಿನ ಸುತ್ತ ನಿಧಾನಕ್ಕೆ ಓಡಿಸಿ, ಕಣ್ಣಿಗೆ ಕಾಣದ ಕೂದಲೆಳೆ ಬಿರುಕು ಉಗುರಿಗೆ ತಾಗುತ್ತದೆ. ಆಮೇಲೆ ಟಾರ್ಚನ್ನು ಮುಚ್ಚಳದೊಳಗೆ ಹಾಕಿ ಹೊರಗಿನಿಂದ ನೋಡಿ. ಸೆಲ್ಯುಲಾಯ್ಡ್ ಬೆಳಕನ್ನು ಬಿಡುವುದರಿಂದ ಬಿರುಕಿದ್ದರೆ ಗೆರೆಯಾಗಿ ಹೊಳೆಯುತ್ತದೆ. ಕ್ಲಿಪ್ಪಿನ ಬುಡದಲ್ಲೂ ಲಿವರಿನ ಸೀಳಿನ ಎರಡು ತುದಿಯಲ್ಲೂ ಹೀಗೇ ನೋಡಿ.

ಮೈಮೇಲೆ ಕೊರೆದ ಅಕ್ಷರಗಳು ಚೂಪಾಗಿವೆಯೇ? ಪೆನ್ನು ಕನ್ನಡಿಯಂತೆ ಹೊಳೆಯುತ್ತಿದ್ದು ಅಕ್ಷರ ಮಾತ್ರ ಅಳಿಸಿದ್ದರೆ ಯಾರೋ ಮೆಷಿನ್ನಿಗೆ ಕೊಟ್ಟು ಉಜ್ಜಿದ್ದಾರೆ. ಎಬೊನೈಟ್ ಪೆನ್ನುಗಳಲ್ಲಿ ಇದು ಇನ್ನೂ ಮುಖ್ಯ. ಬೆಳಕು, ತೇವ ತಾಗಿದ ಕಪ್ಪು ಎಬೊನೈಟ್ ಕಾಲಕ್ರಮದಲ್ಲಿ ಪಾಚಿಗಂದು ಬಣ್ಣಕ್ಕೆ ತಿರುಗುವುದು ಸಹಜ. ನೂರು ವರ್ಷದ ಪೆನ್ನು ಇಂಗಾಲದಷ್ಟು ಕಪ್ಪಗಿದ್ದರೆ "ಇದನ್ನು ಮತ್ತೆ ಕಪ್ಪು ಮಾಡಿದ್ದಾರಾ?" ಎಂದು ನೇರವಾಗಿ ಕೇಳಿ. ಒಳ್ಳೆಯ ವ್ಯಾಪಾರಿ ಹೌದಾದರೆ ಹೌದು ಎನ್ನುತ್ತಾರೆ. ಯಾವ ವಸ್ತು ಎಂದು ತಿಳಿಯದಿದ್ದರೆ ಹೆಬ್ಬೆರಳಲ್ಲಿ ಹತ್ತು ಸಲ ಉಜ್ಜಿ ಮೂಸಿ ನೋಡಿ: ಎಬೊನೈಟ್ ಗಂಧಕದ ವಾಸನೆ, ಸೆಲ್ಯುಲಾಯ್ಡ್ ಕರ್ಪೂರದ ವಾಸನೆ. ಮೇಳದಲ್ಲಿ ಪೆನ್ನು ಮೂಸುವವರನ್ನು ಕಂಡು ಯಾರೂ ನಗುವುದಿಲ್ಲ.

ಲಿವರ್ ಮಾತ್ರ ಎತ್ತಬೇಡಿ. ಇದನ್ನು ಕಲಿಯಲು ನನಗೆ ಒಂದು ಪೆನ್ನು ಖರ್ಚಾಯಿತು. ನನ್ನ ಎರಡನೆಯ ಮೇಳ, ಗೊತ್ತಿದೆ ಎಂಬ ಜಂಬ. ಮಾರುವವರು ಬೇರೆಯವರ ಜೊತೆ ಮಾತಾಡುತ್ತಿದ್ದರು; ನಾನು ಕೇಳದೆ ಲಿವರಿನ ಅಡಿಗೆ ಉಗುರು ಕೊಟ್ಟೆ. ಬಿಗಿಯಾಗಿತ್ತು. ಇನ್ನಷ್ಟು ಒತ್ತಿದೆ. ಒಳಗಿನ ರಬ್ಬರ್ ಚೀಲ ಒಣಗಿ ಗಾಜಿನಂತೆ ಗಟ್ಟಿಯಾಗಿತ್ತು, ಲಿವರಿಗೆ ಒತ್ತಲು ಜಾಗವೇ ಇರಲಿಲ್ಲ. "ಟಿಕ್" ಎಂಬ ಸಣ್ಣ ಸದ್ದು, ಮೈಮೇಲೆ ಒಂದು ಅಂಗುಲದ ಬಿರುಕು. ಅವರು ಬೈಯಲಿಲ್ಲ, ಸುಮ್ಮನೆ ನನ್ನ ಕಡೆ ನೋಡಿದರು. ಕೇಳಿದಷ್ಟು ಕೊಟ್ಟು ತಂದೆ. ಆ ಪೆನ್ನು ಈಗಲೂ ನನ್ನ ರಿಪೇರಿ ಮೇಜಿನ ಮೇಲಿದೆ, ಬಿಡಿಭಾಗಕ್ಕೆಂದು ಇಟ್ಟದ್ದು, ಇನ್ನೂ ಒಂದು ಭಾಗವನ್ನೂ ಬಿಚ್ಚಲು ಮನಸ್ಸಾಗಿಲ್ಲ. ಬಾಲ ತಿರುಗಿಸಿ ಶಾಯಿ ಎಳೆಯುವ ಪಿಸ್ಟನ್ ಪೆನ್ನುಗಳಿಗೂ ಇದೇ ಮಾತು: 1930ರ ದಶಕದವುಗಳಲ್ಲಿ ಪಿಸ್ಟನ್ನಿನ ತುದಿಗೆ ಕಾರ್ಕ್ ಇರುತ್ತದೆ, ಒಣಗಿದ್ದರೆ ಅಂಟಿಕೊಂಡಿರುತ್ತದೆ. ತಿರುಗಲು ಹಟ ಮಾಡಿದರೆ ಬಿಟ್ಟುಬಿಡಿ. "ರಿಪೇರಿ ಆಗಿದೆಯಾ? ಚೀಲ ಹೊಸದಾ?" ಎಂದು ಕೇಳಿ, ಅವರೇ ಮಾಡಿ ತೋರಿಸಲಿ. ಚೀಲ ಬದಲಿಸುವುದು ದೊಡ್ಡ ಕೆಲಸವಲ್ಲ, ಅರಗಿನ ಅಂಟು ಹಚ್ಚಿ ಹೊಸದು ಕೂರಿಸಬಹುದು. ಹಾಗಾಗಿ ಚೀಲ ಸತ್ತಿದೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಪೆನ್ನು ಬಿಡಬೇಡಿ. ಬಿರುಕಿಗೂ ಸವೆದ ನಿಬ್ಬಿಗೂ ಅಷ್ಟು ಸುಲಭದ ಮದ್ದಿಲ್ಲ.

ನಿಬ್ಬಿಗೆ ಬರೋಣ. ಭೂತಗನ್ನಡಿಯಲ್ಲಿ ಎದುರಿನಿಂದ ನೋಡಿದರೆ ಎರಡು ಕವಲು ಒಂದೇ ಮಟ್ಟದಲ್ಲಿ ಕಾಣಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಗೀಚುತ್ತದೆ. ಇದನ್ನು ಸಾಮಾನ್ಯವಾಗಿ ಸರಿಮಾಡಬಹುದು. ಪಕ್ಕದಿಂದ ನೋಡಿ: ತುದಿಯ ಗಟ್ಟಿ ಲೋಹದ ಗುಂಡು ಒಂದು ಬದಿಗೆ ಚಪ್ಪಟೆಯಾಗಿ ಸವೆದಿದೆಯೇ? ಹಿಂದಿನ ಒಡೆಯ ಅದೇ ಕೋನದಲ್ಲಿ ಬರೆದ ಗುರುತು ಅದು. ನಿಮ್ಮ ಕೈಯ ಕೋನ ಬೇರೆಯಾದರೆ ಅಂಚು ಕಾಗದ ಕೆರೆಯುತ್ತದೆ. ಕೊನೆಗೆ ಸೀಳು ಮುಗಿಯುವ ರಂಧ್ರದ ಸುತ್ತ ಬಿರುಕಿದೆಯೇ ನೋಡಿ, ಇದ್ದರೆ ಕೆಳಗಿಡಿ. ಮೇಲೆ ಕಂಪನಿಯ ಹೆಸರಿಲ್ಲದೆ ಬರೀ "ವಾರಂಟೆಡ್ 14 ಕ್ಯಾರಟ್" ಎಂದಿದ್ದರೆ ಅದು ಯಾವ ಪೆನ್ನಿಗೂ ಹಾಕಬಹುದಾದ ಸಾಮಾನ್ಯ ನಿಬ್ಬು. ದೊಡ್ಡ ಹೆಸರಿನ ಪೆನ್ನಿನಲ್ಲಿ ಅದು ಕಂಡರೆ ಮೂಲ ನಿಬ್ಬು ಎಲ್ಲೋ ಹೋಗಿದೆ ಎಂದರ್ಥ. ಚಿನ್ನವಾದರೂ ಬರೆಯುವ ತುದಿ ಚಿನ್ನದ್ದಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಅದ್ದಿ ಬರೆಯಲು ಅನುಮತಿ ಕೇಳಿ. ಬಿಟ್ಟರೆ ನಿಬ್ಬನ್ನು ರಂಧ್ರದವರೆಗೆ ಮಾತ್ರ ಅದ್ದಿ, ಬಾಟಲಿಯ ಅಂಚಿಗೆ ತಾಗಿಸಿ ಹೆಚ್ಚಿನದು ಇಳಿಸಿ, ಬರೆಯಿರಿ. ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಅದ್ದಿದ ಪೆನ್ನು ಮೊದಲ ಮೂರ್ನಾಲ್ಕು ಸಾಲು ಬೆಣ್ಣೆಯಂತೆ ಜಾರುತ್ತದೆ, ಏಕೆಂದರೆ ನಿಬ್ಬಿಗೆ ಶಾಯಿ ಹಾಯಿಸುವ, ಅದರಡಿಯ ಫೀಡ್ ತುಂಬಿ ತುಳುಕುತ್ತಿರುತ್ತದೆ. ಆ ಸಾಲುಗಳನ್ನು ನಂಬಬೇಡಿ. ಶಾಯಿ ಇಳಿಯುತ್ತಾ ಬಂದಾಗ, ಐದನೆಯ ಆರನೆಯ ಸಾಲಿನಲ್ಲಿ, ನಿಬ್ಬು ತನ್ನ ನಿಜ ಗುಣ ತೋರಿಸುತ್ತದೆ. ಗೀಟು ಎಳೆಯುವುದು, ಎಂಟು ಬರೆಯುವುದು, ಸಹಿ ಹಾಕುವುದಕ್ಕಿಂತ ಒತ್ತಕ್ಷರಗಳಿರುವ ಎರಡು ವಾಕ್ಯ ಬರೆಯಿರಿ. ನಮ್ಮ ಲಿಪಿಯ ಸುತ್ತುಗಳಲ್ಲಿ ನಿಬ್ಬು ಎಲ್ಲ ದಿಕ್ಕಿಗೂ ತಿರುಗುವುದರಿಂದ ಎಲ್ಲಿ ಕೆರೆಯುತ್ತದೆ ಎಂದು ಥಟ್ಟನೆ ತಿಳಿಯುತ್ತದೆ. ನಿಮ್ಮ ಬದಲು ಗೆಳೆಯರು ಬರೆದು ನೋಡಿ "ಸೂಪರ್" ಎಂದರೆ ಅದು ಅವರ ಕೈಗೆ ಸೂಪರ್. ದೋಷ ಹುಡುಕಲು ಗೆಳೆಯರ ಕಣ್ಣು ಸಾಕು, ನಿಬ್ಬಿಗೆ ನಿಮ್ಮ ಕೈಯೇ ಬೇಕು. ಹಾಗೆಯೇ, ಅದ್ದಿ ಬರೆದದ್ದರಿಂದ ನಿಬ್ಬಿನ ತುದಿಯ ವಿಷಯ ತಿಳಿಯುತ್ತದೆಯೇ ಹೊರತು ಪೆನ್ನು ಶಾಯಿ ತುಂಬಿಕೊಳ್ಳುತ್ತದೋ ಇಲ್ಲವೋ ತಿಳಿಯುವುದಿಲ್ಲ. ಮುಗಿದ ಮೇಲೆ ನೀರಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ ಕೊಡಿ. ಬಾಗುವ ನಿಬ್ಬೆಂದು ಹೇಳಿದರೆ ಒತ್ತಿ ಅಗಲಿಸಿ ಪರೀಕ್ಷಿಸುವ ಚಟ ಬೇಡವೇ ಬೇಡ. ಮಾರುವವರೇ ಬರೆದು ತೋರಿಸಲಿ.

ಕೆಲವು ಕಂಪನಿಗಳ ಪೆನ್ನುಗಳ ಬಗ್ಗೆ ಚುಟುಕಾಗಿ. ಹಳೆಯ ವಾಟರ್‌ಮನ್‌ಗಳ ಬಾಲದ ತುದಿಯಲ್ಲಿ ಅಂಕಿ ಕೊರೆದಿರುತ್ತದೆ. 52 ಎಂದಿದ್ದರೆ 5 ಎಂಬುದು ಲಿವರ್, 2 ಎಂಬುದು ನಿಬ್ಬಿನ ಅಳತೆ. 42 ಎಂದಿದ್ದರೆ ನಿಬ್ಬು ಒಳಕ್ಕೆ ಸರಿಯುವ ಸೇಫ್ಟಿ ಪೆನ್ನು. ಅಂಕಿ ಒಂದು, ಪೆನ್ನು ಇನ್ನೊಂದು ಇದ್ದರೆ ಮತ್ತೆ ಫ್ರಾಂಕನ್‌ಪೆನ್ನಿನ ಕಥೆ. ಎಸ್ಟರ್‌ಬ್ರುಕ್‌ಗಳು ಹೊಸಬರಿಗೆ ಒಳ್ಳೆಯವು, ನಿಬ್ಬನ್ನು ತಿರುಪಿನಂತೆ ಬಿಚ್ಚಿ ಬೇರೆಯದು ಹಾಕಬಹುದು. ಆ ನಿಬ್ಬಿನ ಮೇಲೆ 9ರಿಂದ ಶುರುವಾಗುವ ನಾಲ್ಕಂಕಿ ಇದ್ದರೆ ತುದಿಗೆ ಗಟ್ಟಿ ಲೋಹವಿದೆ. 2ರಿಂದ ಶುರುವಾದರೆ ಉಕ್ಕನ್ನೇ ಮಡಿಸಿದ್ದು, ಬೇಗ ಸವೆಯುತ್ತದೆ. ಶೇಫರ್ ಸ್ನಾರ್ಕೆಲ್ (1952) ಕಂಡರೆ ಕೊಳ್ಳದಿದ್ದರೂ ಒಮ್ಮೆ ಮಾಡಿ ತೋರಿಸಲು ಕೇಳಿ. ಬಾಲ ತಿರುಗಿಸಿದರೆ ನಿಬ್ಬಿನಡಿಯಿಂದ ಸೊಳ್ಳೆಯ ಸೊಂಡಿಲಿನಂಥ ಕೊಳವೆ ಹೊರಬರುತ್ತದೆ, ನಿಬ್ಬು ಮುಳುಗಿಸದೆ ಅದೊಂದೇ ಶಾಯಿ ಹೀರುತ್ತದೆ. ಇದನ್ನು ನೋಡಲು ನಾಲ್ವರೂ ಒಂದೇ ಮೇಜಿಗೆ ಮುತ್ತಿದರೆ ನನ್ನ ಆಕ್ಷೇಪವಿಲ್ಲ.

ಚೌಕಾಸಿ ಮಾಡಬಹುದು, ಪೆನ್ನನ್ನು ಹೀಯಾಳಿಸಿ ಅಲ್ಲ. ನಿಮ್ಮ ಜೋಡಿ ಹುಡುಕಿದ ದೋಷವನ್ನು ಮೆಲ್ಲಗೆ ತೋರಿಸಿ, ನಿಮಗಾಗುವ ಬೆಲೆ ಒಂದೇ ಸಲ ಹೇಳಿ. ಒಬ್ಬರ ಹತ್ತಿರವೇ ಎರಡು ಮೂರು ಕೊಂಡರೆ ಇಳಿಸುತ್ತಾರೆ. ಕೊನೆಯ ದಿನದ ಮಧ್ಯಾಹ್ನ ಮತ್ತೆ ಕಟ್ಟಿಕೊಂಡು ಹೋಗುವ ಬೇಸರಕ್ಕೆ ಇನ್ನೂ ಇಳಿಯುತ್ತಾರೆ, ಅಷ್ಟು ಹೊತ್ತಿಗೆ ಉಳಿದಿರುವುದೇನು ಎಂಬುದು ನಿಮ್ಮ ಅದೃಷ್ಟ.

ಒಂದೇ ಪೆನ್ನಿಗೆ ಇಬ್ಬರು ಆಸೆಪಟ್ಟರೆ? ಮೇಜಿನ ಮುಂದೆ ತೀರ್ಮಾನಿಸಲು ಹೋಗಬೇಡಿ. ಮಾರುವವರಿಗೆ ಇಬ್ಬರು ಗಿರಾಕಿ ಕಂಡರೆ ಬೆಲೆ ಇಳಿಯುವ ಮಾತೇ ಇಲ್ಲ. ಹೊರಡುವ ಮುಂಚೆ ನಾಲ್ವರೂ ತಮ್ಮ ಮೂರರ ಪಟ್ಟಿ ಒಬ್ಬರಿಗೊಬ್ಬರು ತೋರಿಸಿ. ಪಟ್ಟಿಯಲ್ಲಿ ಇದ್ದವರಿಗೆ ಮೊದಲ ಹಕ್ಕು, ಅಲ್ಲೇ ಕಂಡು ಆಸೆಪಟ್ಟವರಿಗೆ ಆಮೇಲೆ. ಇಬ್ಬರ ಪಟ್ಟಿಯಲ್ಲೂ ಇದ್ದರೆ ಮನೆಯಲ್ಲೇ ಚೀಟಿ ಎತ್ತಿ. ನಮ್ಮ ಗುಂಪಿನಲ್ಲಿ ಇನ್ನೊಂದು ಕರಾರಿದೆ: ಕೊಂಡವರು ಮುಂದೆಂದಾದರೂ ಆ ಪೆನ್ನು ಮಾರುವುದಾದರೆ ಬಿಟ್ಟುಕೊಟ್ಟವರನ್ನೇ ಮೊದಲು ಕೇಳಬೇಕು, ಕೊಂಡ ಬೆಲೆಗೇ. ಹೀಗೆ ನನ್ನ ಕೈಗೆ ಬಂದ ಪೆಲಿಕಾನ್ ಕಂಪನಿಯ ಪೆನ್ನೊಂದಿದೆ, ಹನ್ನೊಂದು ವರ್ಷ ಕಾದಿದ್ದೆ.

ತಾತನ ಪಾರ್ಕರ್ 51 ಖಂಡಿತ ಒಯ್ಯಿರಿ. ಅದು ಯಾವ ಬಗೆಯದೆಂದು ಮನೆಯಲ್ಲೇ ನೋಡಿಕೊಳ್ಳಬಹುದು. 1941ರಲ್ಲಿ ಬಂದ ಈ ಪೆನ್ನಿಗೆ ಮೊದಲು ವ್ಯಾಕ್ಯುಮ್ಯಾಟಿಕ್ ತುಂಬುವಿಕೆ ಇತ್ತು, 1948ರಿಂದ ಏರೋಮೆಟ್ರಿಕ್ ಬಂತು. ಬಾಲದ ತುದಿಯ ಚಿಕ್ಕ ಟೋಪಿ ಬಿಚ್ಚಿಕೊಂಡು ಒಳಗೆ ಒತ್ತುಗುಂಡಿ ಕಂಡರೆ ವ್ಯಾಕ್ಯುಮ್ಯಾಟಿಕ್. ಅದರ ರಬ್ಬರ್ ಪೊರೆ ಹೋಗಿರುತ್ತದೆ, ಬದಲಿಸಲು ಬೇರೆ ಉಪಕರಣ ಬೇಕು, ಒತ್ತಿ ನೋಡುವುದು ಬೇಡ. ಬಾಲದಲ್ಲಿ ಬಿಚ್ಚುವಂಥದ್ದೇನೂ ಇಲ್ಲದೆ, ಮೈಯನ್ನೇ ತಿರುಗಿಸಿ ಕಳಚಿದಾಗ ಒಳಗೆ ಲೋಹದ ಕವಚ, ಅದರ ಮೇಲೆ ಒತ್ತುಪಟ್ಟಿ ಕಂಡರೆ ಏರೋಮೆಟ್ರಿಕ್. ಅದರ ಚೀಲ ಬಹಳ ಗಟ್ಟಿ, ಹೆಚ್ಚಾಗಿ ಒಳಗೆ ಒಣಗಿದ ಶಾಯಿಯೇ ಕಾರಣ. ನಿಬ್ಬಿನ ಭಾಗವನ್ನು ತಣ್ಣೀರಿನಲ್ಲಿ ಒಂದು ರಾತ್ರಿ ಇಟ್ಟು, ಬೆಳಗ್ಗೆ ಪಟ್ಟಿಯನ್ನು ಹತ್ತಿಪ್ಪತ್ತು ಸಲ ಒತ್ತಿ ಬಿಡಿ. ನೀಲಿ ನೀರು ಬರಲು ಶುರುವಾದರೆ ನೀರು ಬದಲಿಸುತ್ತಾ ತಿಳಿಯಾಗುವವರೆಗೆ ಮುಂದುವರಿಸಿ. ಆಗ ರಿಪೇರಿಯೇ ಬೇಕಾಗಲಿಕ್ಕಿಲ್ಲ. ಬಿಸಿನೀರು ಮಾತ್ರ ಬೇಡ.

ವ್ಯಾಕ್ಯುಮ್ಯಾಟಿಕ್ ಆದರೆ ಮೇಳದಲ್ಲಿ ರಿಪೇರಿಯವರು, ನಿಬ್ಬು ತಿದ್ದುವವರು ಕೂರುವ ಮೇಜು ಎಲ್ಲಿದೆ ಎಂದು ಒಳಗೆ ಹೋದ ತಕ್ಷಣ ಕೇಳಿ, ಹೆಸರು ಬರೆಸಿಬಿಡಿ. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ತುಂಬಿರುತ್ತದೆ. ಮೊದಲ ಸುತ್ತಿಗಿಂತ ಈ ಕೆಲಸ ಮೊದಲು. ಪೆನ್ನಿನ ಮೈಮೇಲೆ ತಾತನ ಹೆಸರು ಕೊರೆದಿದ್ದರೆ "ಪಾಲಿಶ್ ಮಾಡಬೇಡಿ" ಎಂದು ಕೊಡುವಾಗಲೇ ಹೇಳಿ, ಚೀಟಿಯಲ್ಲೂ ಬರೆಸಿ.